ಕರುಳಿನ ಮರುಜೋಡಣೆ: ಕೈಹೊಲಿಗೆ ಮತ್ತು ಯಂತ್ರಹೊಲಿಗೆ



ದೆಹಲಿಯ ಪೂರ್ವ ಗಡಿಯನ್ನು ದಾಟಿದೊಡನೆಯೇ ಆರಂಭವಾಗುವ ಘಾಜಿಯಾಬಾದ್ ನಗರವು 1740ರಲ್ಲಿ ವಜೀರ ಘಾಜಿ-ಉದ್-ದೀನನಿಂದ ಸ್ಥಾಪಿತವಾದುದು. ಮೀರತ್ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1976ರ ನವೆಂಬರ್ 14ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡಿಗರಿಗೆ ಈ ಊರು ತೀರ ಅಪರಿಚಿತವೇನಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1970ರ ದಶಕದಲ್ಲಿ ತನ್ನ ಎರಡನೆಯ ಘಟಕವನ್ನು ತೆರೆದುದು ಇಲ್ಲಿಯೇ. ಸಾಹಿಬಾಬಾದಿನ ಕಾರ್ಖಾನೆಗಳು, ಹಗಲಿರುಳೂ ವಾಹನಗಳಿಂದ ತುಂಬಿರುವ ಹೆದ್ದಾರಿಗಳು, ಒತ್ತೊತ್ತಾಗಿ ಬೆಳೆದ ವಸತಿಗಳು ಮತ್ತು ಇವೆಲ್ಲವುಗಳ ಕೊಳೆಯನ್ನು ಹೊತ್ತು ಸಾಗುವ ಹಿಂಡನ್ ನದಿ, ಇವು ಈ ನಗರದ ಚಹರೆಯನ್ನು ರೂಪಿಸಿವೆ. ಇಂತಹ ನಗರದ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬರುವ ತುರ್ತು ರೋಗಿಗಳಲ್ಲಿ ಕರುಳು ತೂತಾದವರು, ಕರುಳು ಕಟ್ಟಿದವರು, ಅಪಘಾತದಲ್ಲಿ ಕರುಳು ಹರಿದವರು ಸದಾ ಇರುತ್ತಾರೆ. ನಗರದ ಎಂ.ಎಂ.ಜಿ. ಜಿಲ್ಲಾ ಆಸ್ಪತ್ರೆಯಾಗಲಿ, ಸಂಜಯನಗರದ ಸಂಯುಕ್ತ ಆಸ್ಪತ್ರೆಯಾಗಲಿ, ಗಡಿಯಾಚೆ ದಿಲ್‌ಶಾದ್ ಗಾರ್ಡನ್ನಿನಲ್ಲಿರುವ ಗುರು ತೇಗ್ ಬಹಾದೂರ್ ಆಸ್ಪತ್ರೆಯಾಗಲಿ, ಈ ಭಾಗದ ಜನರು ಆಶ್ರಯಿಸುವ ಆಸ್ಪತ್ರೆಗಳು.

ಕರುಳಿನ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದ ಮೇಲೆ ಉಳಿದ ಎರಡು ತುದಿಗಳನ್ನು ಮತ್ತೆ ಒಂದುಗೂಡಿಸಬೇಕು. ವೈದ್ಯಕೀಯ ಪರಿಭಾಷೆಯಲ್ಲಿ ಇದಕ್ಕೆ ಅನಾಸ್ಟೊಮೋಸಿಸ್ ಎಂದು ಹೆಸರು. ಹೊಲಿಯುವುದು ಕೈಯಿಂದಲೋ, ಸ್ಟೇಪ್ಲರ್ ಎಂಬ ಯಂತ್ರದಿಂದಲೋ? ಒಂದು ಪದರದಲ್ಲೋ, ಎರಡು ಪದರಗಳಲ್ಲೋ? ಈಗಲೇ ಜೋಡಿಸಬೇಕೋ, ಕೆಲವು ವಾರ ಕಾಯಬೇಕೋ? ಮೇಲುನೋಟಕ್ಕೆ ಇವು ಶಸ್ತ್ರವೈದ್ಯರು ತಮ್ಮತಮ್ಮಲ್ಲೇ ಚರ್ಚಿಸಿಕೊಳ್ಳತಕ್ಕ ವಿಷಯಗಳೆಂದು ತೋರಬಹುದು. ಆದರೆ ಅರ್ಧರಾತ್ರಿಯಲ್ಲಿ ಶಸ್ತ್ರಕ್ರಿಯಾ ಕೊಠಡಿಯ ಹೊರಗೆ ಕುಳಿತಿರುವ ಕುಟುಂಬಕ್ಕೆ ಸಾವಿರಾರು ರೂಪಾಯಿ ಬೆಲೆಯ ಯಂತ್ರವೊಂದನ್ನು ತರುವಂತೆ ಚೀಟಿ ಬಂದಾಗ, ಅಥವಾ ರೋಗಿಯ ಹೊಟ್ಟೆಯ ಮೇಲೆ ಮಲದ ಚೀಲವನ್ನು ಅಂಟಿಸಿರುವುದನ್ನು ಮರುದಿನ ಕಂಡಾಗ, ಈ ಚರ್ಚೆ ಆ ಮನೆಯ ಚರ್ಚೆಯೂ ಆಗುತ್ತದೆ. ಯಂತ್ರವನ್ನು ಕೊಳ್ಳಲಾಗದವನಿಗೆ ದೊರೆಯುವ ಕೈಹೊಲಿಗೆಯು ಕೀಳುದರ್ಜೆಯ ಚಿಕಿತ್ಸೆಯೇ ಎಂಬ ಶಂಕೆ ಬಹಳ ಮನೆಗಳಲ್ಲಿದೆ. ಅದಕ್ಕೆ ಉತ್ತರ ದೊರೆಯಬೇಕಾದರೆ ಕರುಳು ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕರುಳಿನ ಗೋಡೆಯಲ್ಲಿ ನಾಲ್ಕು ಪದರಗಳಿವೆ. ಒಳಗಡೆ ಲೋಳೆಪೊರೆ, ಅದರ ಕೆಳಗೆ ಲೋಳೆಪೊರೆಯ ಅಡಿಪದರ, ಅದರ ಹೊರಗೆ ಸ್ನಾಯುಪದರ, ಎಲ್ಲಕ್ಕಿಂತ ಹೊರಗೆ ತೆಳುವಾದ ನುಣುಪಾದ ಹೊರಪೊರೆ. ಇವುಗಳಲ್ಲಿ ಸೂಜಿದಾರವನ್ನು ಹಿಡಿದು ನಿಲ್ಲಿಸುವ ಶಕ್ತಿ ಇರುವುದು ಕೊಲ್ಯಾಜೆನ್ ಎಂಬ ನಾರಿನಿಂದ ಕೂಡಿದ ಅಡಿಪದರಕ್ಕೆ ಮಾತ್ರ. ಸ್ನಾಯುಪದರವು ದಪ್ಪವಾಗಿ ಕಂಡರೂ ದಾರವನ್ನು ಬಿಗಿದೊಡನೆ ಸೀಳುತ್ತದೆ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿ ಪ್ರಾಣಿಗಳ ಮೇಲಣ ಪ್ರಯೋಗಗಳಿಂದ ಈ ಅಂಶವನ್ನು ಸ್ಪಷ್ಟಪಡಿಸಿದರು. ಹೊಲಿಗೆ ಯಾವುದೇ ಇರಲಿ, ಅಡಿಪದರವು ಅದರಲ್ಲಿ ಸೇರಲೇಬೇಕು ಎಂಬುದು ಅಂದಿನಿಂದ ಇಂದಿನವರೆಗೂ ಬದಲಾಗದ ನಿಯಮ.

ಹೊಲಿಗೆ ಮುಗಿದ ಕೂಡಲೇ ಕರುಳು ಕೂಡಿಕೊಂಡಿತೆಂದು ತಿಳಿಯುವುದು ತಪ್ಪು. ಮೊದಲ ಮೂರು ನಾಲ್ಕು ದಿನಗಳಲ್ಲಿ ಗಾಯದ ಅಂಚಿನಲ್ಲಿ ಉರಿಯೂತ ಉಂಟಾಗಿ, ಅಲ್ಲಿನ ಹಳೆಯ ಕೊಲ್ಯಾಜೆನ್ ಕರಗುತ್ತದೆ. ಹೊಸ ಕೊಲ್ಯಾಜೆನ್ ಇನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಹೀಗಾಗಿ ಜೋಡಣೆಯು ಮೊದಲ ದಿನಕ್ಕಿಂತ ಮೂರನೆಯ ನಾಲ್ಕನೆಯ ದಿನಗಳಲ್ಲಿ ಹೆಚ್ಚು ದುರ್ಬಲವಾಗಿರುತ್ತದೆ. ಆ ಅವಧಿಯಲ್ಲಿ ಎರಡು ತುದಿಗಳನ್ನು ಹಿಡಿದಿರುವುದು ದಾರ ಅಥವಾ ಲೋಹದ ಕಡ್ಡಿಯಷ್ಟೆ. ಐದನೆಯ ದಿನದಿಂದಾಚೆಗೆ ಹೊಸ ನಾರು ಬೆಳೆದು ಬಲ ಬರತೊಡಗುತ್ತದೆ. ಜೋಡಣೆಯಲ್ಲಿ ಸೋರಿಕೆಯಾದಲ್ಲಿ ಅದು ಸಾಮಾನ್ಯವಾಗಿ ಐದರಿಂದ ಏಳನೆಯ ದಿನದ ಸುಮಾರಿಗೆ ಬಯಲಿಗೆ ಬರುವುದಕ್ಕೆ ಇದೇ ಕಾರಣ. ಮಲವು ಉದರದೊಳಗೆ ಸೋರಿದರೆ ಉದರಪೊರೆಯ ಉರಿಯೂತವುಂಟಾಗಿ, ಸೋಂಕು ರಕ್ತಕ್ಕೆ ಹರಡಿ, ರೋಗಿಯು ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾಗುತ್ತದೆ, ಕೆಲವರು ಬದುಕುವುದಿಲ್ಲ. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಅತ್ಯಂತ ಭಯಪಡುವ ತೊಡಕು ಇದು.

ಈ ಭಯ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಹದಿನಾಲ್ಕನೆಯ ಅಧ್ಯಾಯವು ಉದರರೋಗಗಳಿಗೆ ಮೀಸಲಾಗಿದೆ. ಕರುಳು ತೂತಾಗಿ ಸೋರುವ ಪರಿಸ್ರಾವಿ ಉದರವೆಂಬ ಸ್ಥಿತಿಯಲ್ಲಿ, ಹೊಟ್ಟೆಯನ್ನು ಸೀಳಿ ಕರುಳನ್ನು ನಾಲ್ಕಂಗುಲದಷ್ಟು ಹೊರಗೆಳೆದು, ಚುಚ್ಚಿಕೊಂಡ ವಸ್ತುವನ್ನು ತೆಗೆದು, ತೂತಿನ ಅಂಚುಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದು ಅಲ್ಲಿ ಕರಿಯ ಇರುವೆಗಳಿಂದ ಕಚ್ಚಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಇರುವೆ ಕಚ್ಚಿದ ಮೇಲೆ ಅದರ ದೇಹವನ್ನು ಕಿತ್ತು, ತಲೆಯನ್ನು ಮಾತ್ರ ಉಳಿಸಿ, ಕರುಳನ್ನು ಒಳಗೆ ಸೇರಿಸಿ ಹೊರಗಿನ ಗಾಯವನ್ನು ಹೊಲಿಯಬೇಕು. ಇರುವೆಯ ಬಿಗಿದ ದವಡೆಯೇ ಇಲ್ಲಿ ಹೊಲಿಗೆ. ಅದು ಕ್ರಮೇಣ ಕರಗಿಹೋಗುವಂಥದು ಕೂಡ. ಆಧುನಿಕ ಸ್ಟೇಪ್ಲರಿನ ಪೂರ್ವಜ ಇದೇ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಹಾಗೆ ಹೇಳುವುದರಲ್ಲಿ ತುಸು ಉತ್ಸಾಹ ಹೆಚ್ಚಾಗಿದೆ. ಏಕೆಂದರೆ ಆ ವಿಧಾನದಿಂದ ಈ ಯಂತ್ರಕ್ಕೆ ನೇರವಾದ ಪರಂಪರೆ ಇಲ್ಲ. ಆದರೂ ಅಂಚುಗಳನ್ನು ದಾರವಿಲ್ಲದೆ ಕಚ್ಚಿ ಹಿಡಿಯುವ ಉಪಾಯವು ಅಷ್ಟು ಹಿಂದೆಯೇ ಹೊಳೆದಿತ್ತು ಎಂಬುದು ಮೆಚ್ಚತಕ್ಕ ವಿಷಯವೇ.

ಯೂರೋಪಿನಲ್ಲಿ ಕರುಳಿನ ಹೊಲಿಗೆಗೆ ಶಾಸ್ತ್ರೀಯ ತಳಹದಿ ದೊರೆತುದು ಹತ್ತೊಂಬತ್ತನೆಯ ಶತಮಾನದಲ್ಲಿ. ಪ್ಯಾರಿಸಿನ ಆಂಟ್ವಾನ್ ಲಾಂಬೇರ್ 1826ರಲ್ಲಿ, ಕರುಳಿನ ಹೊರಪೊರೆಯು ಹೊರಪೊರೆಗೇ ತಾಗುವಂತೆ ಅಂಚುಗಳನ್ನು ಒಳಮಡಿಸಿ ಹೊಲಿಯಬೇಕೆಂದು ತೋರಿಸಿಕೊಟ್ಟನು. ನುಣುಪಾದ ಹೊರಪೊರೆಗಳು ಬೇಗನೆ ಅಂಟಿಕೊಂಡು ನೀರೂ ಸೋರದಂತೆ ಮುಚ್ಚಿಕೊಳ್ಳುತ್ತವೆ. 1880ರ ಸುಮಾರಿಗೆ ವಿನ್ಸೆಂಟ್ ಚೆರ್ನಿ ಇದಕ್ಕೆ ಒಳಗಿನ ಇನ್ನೊಂದು ಪದರವನ್ನು ಸೇರಿಸಿದನು. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋಥ್ ಜಠರದ ಕ್ಯಾನ್ಸರ್ ಭಾಗವನ್ನು ತೆಗೆದು ಉಳಿದುದನ್ನು ಕರುಳಿನೊಂದಿಗೆ ಜೋಡಿಸುವುದರಲ್ಲಿ ಯಶಸ್ವಿಯಾದನು. ಹೀಗೆ ಎರಡು ಪದರಗಳ ಕೈಹೊಲಿಗೆಯು ವೈದ್ಯಶಾಲೆಗಳ ಪಾಠವಾಯಿತು. ಭಾರತದ ಹಿರಿಯ ಶಸ್ತ್ರವೈದ್ಯರಲ್ಲಿ ಬಹುಮಂದಿ ಕಲಿತುದು ಇದನ್ನೇ: ಒಳಗೆ ಕರಗುವ ಕ್ಯಾಟ್‌ಗಟ್ ದಾರ, ಹೊರಗೆ ಕರಗದ ರೇಷ್ಮೆ.

ಎರಡು ಪದರಗಳಿದ್ದರೆ ಭದ್ರತೆ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ಸಹಜವಾದುದು. ಗೋಣಿಚೀಲಕ್ಕೆ ಇದು ಸರಿ. ಜೀವಂತ ಅಂಗಕ್ಕೆ ಸರಿಯಾಗಬೇಕೆಂದಿಲ್ಲ. ಎರಡನೆಯ ಪದರವು ಅಂಚನ್ನು ಇನ್ನಷ್ಟು ಒಳಕ್ಕೆ ಮಡಿಸುವುದರಿಂದ ಕರುಳಿನ ನಾಳವು ಕಿರಿದಾಗುತ್ತದೆ, ಮಡಿಸಿದ ಅಂಚಿಗೆ ರಕ್ತಪೂರೈಕೆಯೂ ತಗ್ಗುತ್ತದೆ. ಈ ಕಾರಣದಿಂದ ಒಂದೇ ಪದರದ ಹೊಲಿಗೆಯನ್ನು ಸಮರ್ಥಿಸುವವರು ಹೆಚ್ಚುತ್ತ ಬಂದರು. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 132 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಲಾಯಿತು. ಒಂದು ಪದರದ ನಿರಂತರ ಹೊಲಿಗೆಗೆ ಸರಾಸರಿ ಸುಮಾರು 21 ನಿಮಿಷ, ಎರಡು ಪದರಗಳಿಗೆ ಸುಮಾರು 31 ನಿಮಿಷ ಹಿಡಿಯಿತು. ಸೋರಿಕೆಯು ಮೊದಲ ಗುಂಪಿನಲ್ಲಿ ಇಬ್ಬರಿಗೆ, ಎರಡನೆಯದರಲ್ಲಿ ಒಬ್ಬರಿಗೆ ಆಯಿತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಈ ವ್ಯತ್ಯಾಸಕ್ಕೆ ಅರ್ಥವಿಲ್ಲ. ದಾರದ ವೆಚ್ಚವಾದರೋ ಒಂದು ಪದರಕ್ಕೆ ಐದು ಡಾಲರಿಗೂ ಕಡಿಮೆ, ಎರಡು ಪದರಗಳಿಗೆ 35 ಡಾಲರಿಗೂ ಹೆಚ್ಚು. ಮುಂದೆ 2012ರಲ್ಲಿ ಕಾಕ್ರೇನ್ ಸಂಸ್ಥೆಯು ಇಂತಹ ಏಳು ಅಧ್ಯಯನಗಳ 842 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸೋರಿಕೆಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಆದುದರಿಂದ, ಕರಗುವ ಒಳ್ಳೆಯ ಒಂದೆಳೆ ದಾರದಿಂದ ಅಡಿಪದರವನ್ನು ಸರಿಯಾಗಿ ಹಿಡಿದು ಒಂದೇ ಪದರದಲ್ಲಿ ಹೊಲಿದ ಜೋಡಣೆಯನ್ನು ಅರೆಮನಸ್ಸಿನ ಕೆಲಸವೆಂದು ಭಾವಿಸಲು ಆಧಾರವಿಲ್ಲ.

ಯಂತ್ರಗಳ ಕಥೆ ಇನ್ನೊಂದು ಬಗೆಯದು. 1892ರಲ್ಲಿ ಷಿಕಾಗೋದ ಜಾನ್ ಮರ್ಫಿ ಲೋಹದ ಗುಂಡಿಯೊಂದನ್ನು ರೂಪಿಸಿದನು. ಅದರ ಎರಡು ಅರ್ಧಗಳನ್ನು ಕರುಳಿನ ಎರಡು ತುದಿಗಳಲ್ಲಿಟ್ಟು ಒತ್ತಿ ಸೇರಿಸಿದರೆ ನಡುವಿನ ಅಂಚು ಸಾಯುತ್ತ ಹೋಗಿ, ಅದರ ಸುತ್ತಲಿನ ಕರುಳು ಕೂಡಿಕೊಂಡು, ಗುಂಡಿಯು ಮಲದೊಂದಿಗೆ ಹೊರಬೀಳುತ್ತಿತ್ತು. ಹೊಲಿಗೆಯಲ್ಲಿ ಪಳಗದ ಕೈಗೂ ಇದು ಒದಗುತ್ತಿದ್ದುದರಿಂದ ಬೇಗನೆ ಹೆಸರಾಯಿತು. 1908ರಲ್ಲಿ ಬುಡಾಪೆಸ್ಟಿನ ಹ್ಯೂಮೇರ್ ಹ್ಯೂಲ್ಟ್ಲ್ ಮೊದಲ ಸ್ಟೇಪ್ಲರನ್ನು ಬಳಸಿದನು. ಮೂರೂವರೆ ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿದ್ದ ಆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿಕೊಳ್ಳಲು ಎರಡು ಗಂಟೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಚುರುಕಾದ ಶಸ್ತ್ರವೈದ್ಯನೊಬ್ಬ ಕೈಯಿಂದಲೇ ಹೊಲಿದು ಮನೆಗೆ ಹೋಗಿರುತ್ತಿದ್ದನು. ಆದರೂ ಸೂಕ್ಷ್ಮವಾದ ತಂತಿಯನ್ನು ಇಂಗ್ಲಿಷಿನ ಬಿ ಅಕ್ಷರದ ಆಕಾರದಲ್ಲಿ ಮಡಿಸುವ ಅವನ ಕಲ್ಪನೆ ಇಂದಿಗೂ ಉಳಿದಿದೆ. ಹಾಗೆ ಮಡಿಸಿದಾಗ ಕಡ್ಡಿಯ ನಡುವೆ ಎರಡು ಸಣ್ಣ ಕಿಂಡಿಗಳು ಉಳಿದು, ಅವುಗಳ ಮೂಲಕ ಅಂಚಿಗೆ ರಕ್ತ ಹರಿಯಲು ಅವಕಾಶವಾಗುತ್ತದೆ. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ತಂತ್ರಜ್ಞರು ಈ ಯಂತ್ರಗಳನ್ನು ಬಹಳವಾಗಿ ಸುಧಾರಿಸಿದರು. 1958ರಲ್ಲಿ ಕೀವ್ ನಗರಕ್ಕೆ ಹೋಗಿದ್ದ ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ರಾವಿಚ್ ಅಲ್ಲಿ ಅವುಗಳನ್ನು ಕಂಡು ಒಂದನ್ನು ತನ್ನ ದೇಶಕ್ಕೆ ತಂದರು. 1960ರ ದಶಕದ ಕೊನೆಗೆ ಕಡ್ಡಿಗಳನ್ನು ಮೊದಲೇ ತುಂಬಿದ ಕಾರ್ಟ್‌ರಿಜ್‌ಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. 1970ರ ದಶಕದ ಕೊನೆಗೆ ವೃತ್ತಾಕಾರದ ಸ್ಟೇಪ್ಲರ್ ಬಂದಿತು.

ವೃತ್ತಾಕಾರದ ಈ ಸ್ಟೇಪ್ಲರಿನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಗುದನಾಳದ ಕೆಳಭಾಗದಲ್ಲಿ ಕ್ಯಾನ್ಸರ್ ಆದವರಿಗೆ ಹಿಂದೆ ಗುದದ್ವಾರವನ್ನೇ ತೆಗೆದು ಹೊಟ್ಟೆಯ ಮೇಲೆ ಶಾಶ್ವತವಾದ ಮಲದ್ವಾರವನ್ನು ಮಾಡುವುದೇ ಸಾಮಾನ್ಯ ಮಾರ್ಗವಾಗಿತ್ತು. ಸೊಂಟದ ಮೂಳೆಗಳ ಇಕ್ಕಟ್ಟಿನ ಆಳದಲ್ಲಿ, ಅದರಲ್ಲಿಯೂ ಗಂಡಸರ ಕಿರಿದಾದ ಸೊಂಟದಲ್ಲಿ, ಕೈಯಾಡಿಸಿ ಹೊಲಿಯುವುದು ಬಹು ಕಷ್ಟ. ವೃತ್ತಾಕಾರದ ಸ್ಟೇಪ್ಲರನ್ನು ಗುದದ್ವಾರದಿಂದ ಒಳಸೇರಿಸಿ, ಮೇಲಿನ ಕರುಳಿನ ತುದಿಯಲ್ಲಿಟ್ಟ ಅದರ ತಲೆಗೆ ಕೂಡಿಸಿ ಒತ್ತಿದರೆ, ಎರಡು ಸಾಲು ಟೈಟೇನಿಯಂ ಕಡ್ಡಿಗಳು ಸುತ್ತಲೂ ಬಿಗಿದುಕೊಳ್ಳುತ್ತವೆ. ಒಳಗಿನ ಉಂಗುರಾಕಾರದ ಕತ್ತಿಯು ನಡುವಣ ಅಂಗಾಂಶವನ್ನು ಕತ್ತರಿಸಿ ದಾರಿ ಮಾಡುತ್ತದೆ. 1980ರಲ್ಲಿ ನೈಟ್ ಮತ್ತು ಗ್ರಿಫೆನ್ ಎಂಬ ವೈದ್ಯರು ಇದನ್ನು ನೇರ ಸ್ಟೇಪ್ಲರಿನೊಂದಿಗೆ ಬಳಸುವ ಇಮ್ಮಡಿ ಸ್ಟೇಪ್ಲಿಂಗ್ ವಿಧಾನವನ್ನು ವಿವರಿಸಿದ ಮೇಲೆ ಇದು ಇನ್ನೂ ಸುಲಭವಾಯಿತು. ಜೀವನವಿಡೀ ಚೀಲವನ್ನು ಧರಿಸಬೇಕಾಗಿದ್ದ ಅದೆಷ್ಟೋ ಜನರು ಇಂದು ಸಹಜವಾಗಿ ಶೌಚಕ್ಕೆ ಹೋಗುವುದು ಇದರಿಂದ ಸಾಧ್ಯವಾಗಿದೆ. ಈ ಜಾಗದಲ್ಲಿ ಯಂತ್ರಕ್ಕೆ ಹಣ ಸುರಿಯುವುದು ದುಂದಲ್ಲ.

ಹಾಗಾದರೆ ಉಳಿದ ಜಾಗಗಳಲ್ಲಿ? ಇಲ್ಲಿ ಅಂಕಿಅಂಶಗಳನ್ನು ಎಚ್ಚರದಿಂದ ಓದಬೇಕಾಗುತ್ತದೆ. ಸಣ್ಣ ಕರುಳನ್ನು ದೊಡ್ಡ ಕರುಳಿಗೆ ಜೋಡಿಸುವ ಶಸ್ತ್ರಕ್ರಿಯೆಯ ಬಗ್ಗೆ 2011ರಲ್ಲಿ ನವೀಕರಿಸಲ್ಪಟ್ಟ ಕಾಕ್ರೇನ್ ವಿಮರ್ಶೆಯು ಏಳು ಅಧ್ಯಯನಗಳ 1,125 ರೋಗಿಗಳನ್ನು ಪರಿಶೀಲಿಸಿತು. ಸ್ಟೇಪ್ಲರ್ ಬಳಸಿದವರಲ್ಲಿ ಸೋರಿಕೆ ಶೇ. 2.5, ಕೈಹೊಲಿಗೆಯವರಲ್ಲಿ ಶೇ. 6 ಎಂದು ಕಂಡುಬಂದಿತು. ಇಷ್ಟನ್ನೇ ಓದಿದವರು ಯಂತ್ರವೇ ಮೇಲೆಂದು ತೀರ್ಮಾನಿಸುವುದು ಸಹಜ. ಆದರೆ 2015ರಲ್ಲಿ ಯೂರೋಪಿನ ದೊಡ್ಡ ಕರುಳಿನ ತಜ್ಞರ ಸಂಘವು ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇದೇ ಬಗೆಯ ಶಸ್ತ್ರಕ್ರಿಯೆಗೆ ಒಳಗಾದ 3,208 ರೋಗಿಗಳ ದಾಖಲೆಗಳನ್ನು ಸಂಗ್ರಹಿಸಿತು. ಅದರಲ್ಲಿ ಸೋರಿಕೆ ಸ್ಟೇಪ್ಲರಿನವರಲ್ಲಿ ಶೇ. 8.5, ಕೈಹೊಲಿಗೆಯವರಲ್ಲಿ ಶೇ. 7.4, ರೋಗಿಗಳ ಸ್ಥಿತಿಗತಿಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸ್ಟೇಪ್ಲರಿನ ಅಪಾಯವೇ ಅಧಿಕವೆಂದು ಕಂಡಿತು. ಮೊದಲನೆಯದು ರೋಗಿಗಳನ್ನು ಚೀಟಿಯೆತ್ತಿ ಹಂಚಿದ ಅಧ್ಯಯನಗಳ ಸಾರ. ಅದರ ತರ್ಕ ಗಟ್ಟಿಯಾದುದು, ಆದರೆ ಅವುಗಳಲ್ಲಿ ಹಲವು ಹಳೆಯವು. ಎರಡನೆಯದು ದಿನನಿತ್ಯದ ಆಸ್ಪತ್ರೆಗಳಲ್ಲಿ ವಾಸ್ತವವಾಗಿ ನಡೆದುದರ ಚಿತ್ರ. ಆದರೆ ಅಲ್ಲಿ ಯಾರಿಗೆ ಯಾವ ವಿಧಾನವೆಂದು ಆರಿಸಿದವರು ವೈದ್ಯರೇ. ಎರಡನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಯಾವುದೋ ಒಂದು ವಿಧಾನವು ಎಲ್ಲ ಕೈಗಳಲ್ಲಿಯೂ ಎಲ್ಲ ಕಾಲದಲ್ಲಿಯೂ ಮೇಲು ಎನ್ನುವ ಮಾತು ನಿಲ್ಲುವುದಿಲ್ಲ.

ದೊಡ್ಡ ಕರುಳು ಮತ್ತು ಗುದನಾಳದ ಜೋಡಣೆಯ ಬಗ್ಗೆ 2012ರ ಕಾಕ್ರೇನ್ ವಿಮರ್ಶೆಯು ಒಂಬತ್ತು ಅಧ್ಯಯನಗಳ 1,233 ರೋಗಿಗಳನ್ನು ಒಳಗೊಂಡಿತ್ತು. ಸೋರಿಕೆಯು ಎರಡೂ ಕಡೆ ಶೇ. 13ರ ಆಸುಪಾಸಿನಲ್ಲಿಯೇ ಇದ್ದಿತು. ಕೈಹೊಲಿಗೆಗೆ ಸುಮಾರು ಏಳೂವರೆ ನಿಮಿಷ ಹೆಚ್ಚು ಹಿಡಿಯಿತು. ಆದರೆ ಜೋಡಿಸಿದ ಜಾಗವು ಮುಂದೆ ಕಿರಿದಾಗುವ ತೊಂದರೆಯು ಸ್ಟೇಪ್ಲರಿನವರಲ್ಲಿ ಶೇ. 8, ಕೈಹೊಲಿಗೆಯವರಲ್ಲಿ ಶೇ. 2. ಏಳೂವರೆ ನಿಮಿಷದ ಉಳಿತಾಯಕ್ಕೆ ಇದು ಸಣ್ಣ ಬೆಲೆಯೇನಲ್ಲ.

ಇವೆಲ್ಲವೂ ಬಹುಮಟ್ಟಿಗೆ ಮೊದಲೇ ದಿನ ನಿಗದಿಪಡಿಸಿ, ರೋಗಿಯನ್ನು ಸಿದ್ಧಗೊಳಿಸಿ ಮಾಡಿದ ಶಸ್ತ್ರಕ್ರಿಯೆಗಳ ಲೆಕ್ಕ. ಉತ್ತರ ಭಾರತದ ಜಿಲ್ಲಾಸ್ಪತ್ರೆಗಳ ತುರ್ತು ವಿಭಾಗದ ಪರಿಸ್ಥಿತಿ ಬೇರೆ. ಚಂಡೀಗಢದ ಸರಕಾರಿ ವೈದ್ಯಕೀಯ ಕಾಲೇಜಿನ ವೈದ್ಯರು ಜೀರ್ಣಾಂಗ ತೂತಾಗಿ ಬಂದ 504 ರೋಗಿಗಳ ವಿವರಗಳನ್ನು 2006ರಲ್ಲಿ ಪ್ರಕಟಿಸಿದರು. ಅವರಲ್ಲಿ 289 ಮಂದಿಗೆ ಡುವೋಡಿನಮ್ಮಿನ ಹುಣ್ಣು, 59 ಮಂದಿಗೆ ಅಪೆಂಡಿಕ್ಸ್, 45 ಮಂದಿಗೆ ಹೊಟ್ಟೆಗೆ ಬಿದ್ದ ಪೆಟ್ಟು, 41 ಮಂದಿಗೆ ವಿಷಮಶೀತ ಜ್ವರ, 20 ಮಂದಿಗೆ ಕ್ಷಯ ಕಾರಣವಾಗಿತ್ತು. ನೂರರಲ್ಲಿ ಸುಮಾರು ಹತ್ತು ಮಂದಿ ಬದುಕಲಿಲ್ಲ. ಇಂತಹ ರೋಗಿಗಳ ದೊಡ್ಡ ದುರದೃಷ್ಟವೆಂದರೆ ತಡವಾಗಿ ಆಸ್ಪತ್ರೆ ಸೇರುವುದು.

ವಿಷಮಶೀತ ಜ್ವರದ ಉದಾಹರಣೆಯನ್ನು ತುಸು ವಿವರವಾಗಿ ನೋಡಬಹುದು. ಕಲುಷಿತ ನೀರು ಮತ್ತು ಆಹಾರದಿಂದ ಬರುವ ಈ ಜ್ವರದಲ್ಲಿ ರೋಗಾಣುಗಳು ಸಣ್ಣ ಕರುಳಿನ ಕೊನೆಯ ಭಾಗದಲ್ಲಿರುವ ಪೇಯರ್ ಗ್ರಂಥಿಗಳಲ್ಲಿ ನೆಲೆಸುತ್ತವೆ. ಚಿಕಿತ್ಸೆ ಸರಿಯಾಗಿ ನಡೆಯದಿದ್ದಲ್ಲಿ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಆ ಗ್ರಂಥಿ ಕೊಳೆತು ಕರುಳು ತೂತಾಗುತ್ತದೆ. ಎರಡು ವಾರಗಳ ಜ್ವರದಿಂದ ಬಳಲಿ, ಸರಿಯಾಗಿ ಉಣ್ಣದೆ, ರಕ್ತದ ಪ್ರೋಟೀನು ಇಳಿದುಹೋಗಿರುವ ಯುವಕನೊಬ್ಬ ಹೊಟ್ಟೆಯುಬ್ಬರದಿಂದ ಆಸ್ಪತ್ರೆಗೆ ಬರುವಾಗ ಅವನ ಕರುಳು ಬಾತು, ಒದ್ದೆಯಾದ ಕಾಗದದಂತೆ ಹಿಸಿದುಹೋಗುವ ಸ್ಥಿತಿಯಲ್ಲಿರುತ್ತದೆ. ಇಂತಹ ಕರುಳಿಗೆ ಸ್ಟೇಪ್ಲರ್ ಒಗ್ಗುವುದು ಕಷ್ಟ. ಸ್ಟೇಪ್ಲರಿನ ಪ್ರತಿಯೊಂದು ಕಾರ್ಟ್‌ರಿಜ್ಜಿಗೂ ಬಿಗಿದ ಮೇಲೆ ಕಡ್ಡಿಯ ಎತ್ತರ ಇಂತಿಷ್ಟೇ ಎಂದು ನಿಗದಿಯಾಗಿರುತ್ತದೆ. ಸಾಮಾನ್ಯವಾಗಿ ಬಳಸುವ ನೀಲಿ ಬಣ್ಣದ್ದು ಸುಮಾರು ಒಂದೂವರೆ ಮಿಲಿಮೀಟರು. ಬಾತ ಗೋಡೆಗೆ ಅದು ಬಿಗಿಯಾಗಿ ಕಚ್ಚಿ ರಕ್ತ ನಿಲ್ಲಿಸಬಹುದು. ಎರಡು ದಿನಗಳಲ್ಲಿ ಬಾವು ಇಳಿದ ಮೇಲೆ ಅದೇ ಕಡ್ಡಿ ಸಡಿಲವಾಗಬಹುದು. ನುರಿತ ಕೈಯಾದರೋ ಪ್ರತಿಯೊಂದು ಹೊಲಿಗೆಯಲ್ಲಿಯೂ ಗೋಡೆಯ ದಪ್ಪವನ್ನು ಅರಿತು ದಾರವನ್ನು ಎಷ್ಟು ಎಳೆಯಬೇಕೋ ಅಷ್ಟೇ ಎಳೆಯುತ್ತದೆ. ಅಮೆರಿಕದ ಆಘಾತ ಚಿಕಿತ್ಸಾ ತಜ್ಞರು 2017ರಲ್ಲಿ ಪ್ರಕಟಿಸಿದ ತುರ್ತು ಶಸ್ತ್ರಕ್ರಿಯೆಗಳ ಅಧ್ಯಯನದಲ್ಲಿ, ಕೈಹೊಲಿಗೆಗೆ ಒಳಗಾದವರು ಹೆಚ್ಚು ನಿತ್ರಾಣರಾದ ರೋಗಿಗಳಾಗಿದ್ದರೂ ಅವರಲ್ಲಿ ಸೋರಿಕೆ ಯಂತ್ರದವರಿಗಿಂತ ಹೆಚ್ಚಾಗಿರಲಿಲ್ಲ. ಕಷ್ಟದ ಸ್ಥಿತಿ ಎದುರಾದಾಗ ಅನುಭವಿಗಳು ಸೂಜಿಯನ್ನೇ ಕೈಗೆತ್ತಿಕೊಂಡಿದ್ದರು ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ತೂತು ಒಂದೇ ಇದ್ದು ಬೇಗನೆ ಬಂದ ರೋಗಿಗೆ, ಅಂಚನ್ನು ಹಸನುಗೊಳಿಸಿ ಅಡ್ಡಲಾಗಿ ಹೊಲಿದರೆ ಸಾಕಾಗಬಹುದು. ತೂತುಗಳು ಹಲವಿದ್ದರೆ ಆ ಭಾಗವನ್ನು ತೆಗೆದು ಜೋಡಿಸಬೇಕು. ರೋಗಿಯ ರಕ್ತದೊತ್ತಡ ಕುಸಿದಿದ್ದರೆ, ಹೊಟ್ಟೆಯ ತುಂಬ ಕೀವು ಮಲಗಳು ತುಂಬಿದ್ದರೆ, ಜೋಡಣೆಯನ್ನೇ ಮುಂದೂಡಿ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತಂದು ಇಲಿಯಾಸ್ಟಮಿ ಮಾಡುವುದೇ ವಿವೇಕ. ಮನೆಯವರು ಇದನ್ನು ಸೋಲೆಂದು ಭಾವಿಸುತ್ತಾರೆ. ವೈದ್ಯರಿಗೆ ಜೋಡಿಸಲು ಬರಲಿಲ್ಲವೆಂದು ಆಡಿಕೊಳ್ಳುವುದೂ ಉಂಟು. ವಾಸ್ತವವಾಗಿ, ಕೂಡಿಕೊಳ್ಳಲಾರದ ಕರುಳನ್ನು ಕೂಡಿಸದೆ ಬಿಡುವುದು ಕೂಡ ಜೋಡಣೆಯ ವಿಧಾನಗಳಲ್ಲಿ ಒಂದು. ಹೊಟ್ಟೆಯ ಮೇಲಿನ ಚೀಲವು ಅವಮಾನಕರವೆನಿಸಬಹುದು, ಆದರೆ ಅದರೊಳಕ್ಕೆ ಬೀಳುತ್ತಿರುವುದು ಹೊಟ್ಟೆಯೊಳಕ್ಕೆ ಬೀಳುತ್ತಿಲ್ಲ.

ಕ್ಷಯದಿಂದ ಸಣ್ಣ ಕರುಳು ಅಲ್ಲಲ್ಲಿ ಕಿರಿದಾದಾಗ, ಕತ್ತರಿಸದೆಯೇ ಕೆಲಸ ಸಾಧಿಸುವ ಉಪಾಯವೊಂದಿದೆ. ಕಿರಿದಾದ ಜಾಗವನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದರೆ ದಾರಿ ಅಗಲವಾಗುತ್ತದೆ, ಕರುಳಿನ ಉದ್ದವೂ ಉಳಿಯುತ್ತದೆ. ಭಾರತದ ವೈದ್ಯರಾದ ಕಟಾರಿಯಾ ಮತ್ತು ಸಂಗಡಿಗರು ಕ್ಷಯದ ರೋಗಿಗಳಲ್ಲಿ ಇದನ್ನು ಮಾಡಿ 1977ರಲ್ಲಿ ವರದಿ ಮಾಡಿದರು. ಮುಂದೆ 1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಕ್ರೋನ್ ಕಾಯಿಲೆಗೆ ಇದೇ ವಿಧಾನವು ಬಳಕೆಗೆ ಬಂದಿತು. ಇದಕ್ಕೆ ಬೇಕಾದುದು ಒಂದು ಸೂಜಿ, ಒಂದು ದಾರ.

ವಿಧಾನ ಯಾವುದಾದರೂ ಮೂರು ಷರತ್ತುಗಳು ಪೂರೈಸಲೇಬೇಕು. ಎರಡೂ ತುದಿಗಳಿಗೆ ರಕ್ತ ಚೆನ್ನಾಗಿ ಹರಿಯುತ್ತಿರಬೇಕು. ಕತ್ತರಿಸಿದ ಅಂಚಿನಲ್ಲಿ ಕೆಂಪು ರಕ್ತ ಜಿನುಗಬೇಕು. ತುದಿಗಳು ಎಳೆತವಿಲ್ಲದೆ ಒಂದಕ್ಕೊಂದು ತಾಗುವಂತಿರಬೇಕು. ಮುಂದಿನ ಕರುಳಿನಲ್ಲಿ ಅಡಚಣೆ ಇರಕೂಡದು. ಇವುಗಳ ಜತೆಗೆ ರೋಗಿಯ ದೇಹಸ್ಥಿತಿಯೂ ಮುಖ್ಯ. ಬೀಡಿ ಸಿಗರೇಟು ಸೇದುವವರಲ್ಲಿ ಅಂಚಿನ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ಹತೋಟಿಗೆ ಬಾರದ ಮಧುಮೇಹ, ಸ್ಟೀರಾಯ್ಡ್ ಮಾತ್ರೆಗಳ ದೀರ್ಘಕಾಲದ ಸೇವನೆ, ಅಪೌಷ್ಟಿಕತೆ ಇವು ಹೊಸ ಕೊಲ್ಯಾಜೆನ್ ಹುಟ್ಟುವುದನ್ನು ತಡೆಯುತ್ತವೆ. ನಿಗದಿತ ಶಸ್ತ್ರಕ್ರಿಯೆಗೆ ಮುಂಚೆ ಕೆಲವು ವಾರ ಧೂಮಪಾನವನ್ನು ಬಿಡುವುದೂ ಮೊಟ್ಟೆ, ಹಾಲು, ಬೇಳೆಗಳಿಂದ ಮೈ ತುಂಬಿಕೊಳ್ಳುವುದೂ ರೋಗಿಯ ಕೈಯಲ್ಲೇ ಇರುವ ಸಂಗತಿಗಳು. ಶಸ್ತ್ರಕ್ರಿಯೆಯ ನಂತರದ ಮೊದಲ ವಾರದಲ್ಲಿ ನಾಡಿ ಬಡಿತ ಕಾರಣವಿಲ್ಲದೆ ಏರುವುದು, ಇಳಿದಿದ್ದ ಜ್ವರ ಮರಳುವುದು, ಹೊಟ್ಟೆ ಮತ್ತೆ ಉಬ್ಬುವುದು, ನೋವು ಕಡಿಮೆಯಾಗುವ ಬದಲು ಹೆಚ್ಚುವುದು, ಇವುಗಳಲ್ಲಿ ಯಾವುದು ಕಂಡರೂ ಪಕ್ಕದಲ್ಲಿರುವ ಬಂಧುಗಳು ಕೂಡಲೇ ದಾದಿಯ ಅಥವಾ ವೈದ್ಯರ ಗಮನಕ್ಕೆ ತರಬೇಕು. ಮನೆಗೆ ಮರಳಿದ ಮೇಲೆ ಹೀಗಾದರೆ ಊರಿನ ಔಷಧ ಅಂಗಡಿಯಲ್ಲಿ ನೋವಿನ ಮಾತ್ರೆ ಕೊಳ್ಳುವುದು ಅಪಾಯಕರ. ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೇ ಹೋಗಬೇಕು.

ವೆಚ್ಚದ ಪ್ರಶ್ನೆಗೆ ಮರಳಿದರೆ, ಒಂದು ಜೋಡಣೆಗೆ ಬೇಕಾಗುವ ದಾರವು ಕೆಲವು ನೂರು ರೂಪಾಯಿಗಳದು. ಸ್ಟೇಪ್ಲರ್ ಮತ್ತು ಅದರ ಕಾರ್ಟ್‌ರಿಜ್‌ಗಳು ಹಲವು ಸಾವಿರ ರೂಪಾಯಿಗಳವು. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುತ್ತದೆ. 2024ರಿಂದ 70 ವರ್ಷ ಮೀರಿದ ಎಲ್ಲರಿಗೂ ಇದನ್ನು ವಿಸ್ತರಿಸಲಾಗಿದೆ. ಕಾರ್ಡು ಇರುವವರು ಆಸ್ಪತ್ರೆಗೆ ದಾಖಲಾಗುವಾಗಲೇ ಅದನ್ನು ತೋರಿಸಬೇಕು. ಹೊರಗಿನಿಂದ ಉಪಕರಣ ತರುವಂತೆ ಹೇಳಿದಲ್ಲಿ ಯೋಜನೆಯ ಸಹಾಯಕರನ್ನು ವಿಚಾರಿಸಬೇಕು. ಯಂತ್ರ ಏಕೆ ಬೇಕು, ಅದಿಲ್ಲದೆ ಆಗುವುದಿಲ್ಲವೇ ಎಂದು ವೈದ್ಯರನ್ನು ವಿನಯದಿಂದ ಕೇಳುವ ಹಕ್ಕು ಮನೆಯವರಿಗಿದೆ. ಗುದನಾಳದ ಕೆಳಭಾಗಕ್ಕೆ ಬೇಕೆಂದರೆ ಅದರಲ್ಲಿ ಅರ್ಥವಿದೆ. ಸಣ್ಣ ಕರುಳಿನ ಜೋಡಣೆಗೆ ದಾರ ಮಾತ್ರವಿದೆಯೆಂದರೆ ಸಾಲ ಮಾಡಿ ಅಂಗಡಿಗೆ ಓಡಬೇಕಾಗಿಲ್ಲ. ಇದರ ಜತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಯಂತ್ರದಲ್ಲಿಯೇ ಪಳಗಿದ ಯುವ ವೈದ್ಯರಿಗೆ ಕೈಹೊಲಿಗೆಯ ಅಭ್ಯಾಸ ತಪ್ಪಿಹೋಗುವ ಸಂಭವವಿದೆ. ಯಂತ್ರ ಕೈಕೊಟ್ಟಾಗ ಅಥವಾ ದೊರೆಯದಿದ್ದಾಗ ಉಳಿಯುವುದು ಸೂಜಿಯೊಂದೇ ಆದುದರಿಂದ ಶಿಕ್ಷಣ ನೀಡುವ ಆಸ್ಪತ್ರೆಗಳು ಇದನ್ನು ಪಟ್ಟು ಹಿಡಿದು ಕಲಿಸಬೇಕಾಗಿದೆ.

ಇಲಿಯಾಸ್ಟಮಿಯೊಂದಿಗೆ ಮನೆಗೆ ಹೋದ ರೋಗಿಯು ದಿನವೂ ಧಾರಾಳವಾಗಿ ನೀರು ಮತ್ತು ಉಪ್ಪು ಸಕ್ಕರೆಯ ಪಾನಕವನ್ನು ಕುಡಿಯಬೇಕು. ಚೀಲಕ್ಕೆ ಹೋಗುವ ದ್ರವದೊಂದಿಗೆ ಉಪ್ಪೂ ನಷ್ಟವಾಗುವುದರಿಂದ ಬೇಸಿಗೆಯಲ್ಲಿ ಮೂತ್ರಪಿಂಡಗಳಿಗೆ ಧಕ್ಕೆಯಾಗಬಹುದು. ಉತ್ತರ ಭಾರತದ ಮೇ, ಜೂನ್ ತಿಂಗಳುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಚೀಲದ ಅಂಚು ಚರ್ಮಕ್ಕೆ ಸರಿಯಾಗಿ ಅಂಟದಿದ್ದರೆ ದ್ರವ ತಾಗಿ ಚರ್ಮ ಹುಣ್ಣಾಗುತ್ತದೆ. ದ್ವಾರದ ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸುವುದನ್ನು ಆಸ್ಪತ್ರೆ ಬಿಡುವ ಮೊದಲೇ ರೋಗಿಯೂ ಮನೆಯವರೊಬ್ಬರೂ ಕಲಿತಿರಬೇಕು. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರಗಳಲ್ಲಿ, ರೋಗಿಯ ತೂಕ ಮರಳಿ ಬಂದು ಉರಿಯೂತ ಇಳಿದ ಮೇಲೆ, ಇದನ್ನು ಮುಚ್ಚಬಹುದು.

ಈ ಮುಚ್ಚುವ ಶಸ್ತ್ರಕ್ರಿಯೆಯೂ ಒಂದು ಕರುಳಿನ ಜೋಡಣೆಯೇ, ಇಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ. ಜರ್ಮನಿಯ 27 ಆಸ್ಪತ್ರೆಗಳಲ್ಲಿ ಇಲಿಯಾಸ್ಟಮಿ ಮುಚ್ಚಿಸಿಕೊಂಡ 618 ರೋಗಿಗಳ ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯ ನಂತರ ಕರುಳು ಕಟ್ಟುವ ತೊಂದರೆ ಸ್ಟೇಪ್ಲರಿನವರಲ್ಲಿ ಶೇ. 10.3, ಕೈಹೊಲಿಗೆಯವರಲ್ಲಿ ಶೇ. 16.6 ಇದ್ದಿತು, ಸೋರಿಕೆಯು ಕ್ರಮವಾಗಿ ಶೇ. 3 ಮತ್ತು ಶೇ. 1.8. ಮೊದಲನೆಯ ಅಂತರವು ಗಣನೀಯವಾದುದು, ಎರಡನೆಯದು ಆಕಸ್ಮಿಕವೂ ಇರಬಹುದು. ಇಲ್ಲಿ ಕರುಳು ಆರೋಗ್ಯವಾಗಿರುತ್ತದೆ, ಅವಸರವಿರುವುದಿಲ್ಲ, ಯಂತ್ರದಿಂದ ಅಗಲವಾದ ದಾರಿಯೂ ದೊರೆಯುತ್ತದೆ. ಆದುದರಿಂದ ಯೋಜನೆಯ ನೆರವಿನಲ್ಲಿ ಸ್ಟೇಪ್ಲರ್ ದೊರೆಯುವುದಾದರೆ ಇದಕ್ಕೆ ಬಳಸುವುದು ಯುಕ್ತ. ದೊರೆಯದಿದ್ದಲ್ಲಿ ಕೈಹೊಲಿಗೆಯಿಂದಲೇ ಮುಚ್ಚಿ, ಮೊದಲ ನಾಲ್ಕೈದು ದಿನ ಆಹಾರವನ್ನು ನಿಧಾನವಾಗಿ ಹೆಚ್ಚಿಸುತ್ತ ಹೋದರೆ, ಕರುಳು ಕಟ್ಟಿದವರಲ್ಲಿಯೂ ಬಹುಮಂದಿ ಮತ್ತೆ ಶಸ್ತ್ರಕ್ರಿಯೆಯಿಲ್ಲದೆಯೇ ಗುಣಹೊಂದುತ್ತಾರೆ.